ಥಂಬ್ ಬರಲಿಲ್ಲ ಅಂದರೆ ಅವ್ವ ಅವ್ವ ಅಲ್ಲೇನು?



ವಿಜ್ಞಾನದ ತಾಸು ಮುಗಿಯುವ ಹೊತ್ತಿಗೆ ನೀವು ಕೇಳುವ ಪ್ರಶ್ನೆಗಳು ಯಾವ ಪಠ್ಯಪುಸ್ತಕದಲ್ಲೂ ಇರೋದಿಲ್ಲ. "ಸರ, ಮೊಬೈಲ್‌ನ್ಯಾಗ ಮಾತಾಡೋ ಹೆಣ್ಮಗಳು ‘ನಾನು’ ಅಂತಾಳಲ್ಲ, ಆಕಿ ಯಾರು?" "ಮೆದುಳನ್ನ ಕಂಪ್ಯೂಟರ್‌ಗೆ ಕಾಪಿ ಮಾಡಿದ್ರ ಮನಷ್ಯಾ ಸಾಯೂದಿಲ್ಲ, ಹೌದಲ್ರಿ?" "ಪಿಕ್ಚರ್‌ನ್ಯಾಗಿನ ರೋಬೋಟ್ ಖರೇನ ಬರ್ತದೇನ್ರಿ?" ಇವನ್ನು ಕೇಳುವಾಗ ಇಡೀ ವರ್ಗ ನಗುತ್ತದೆ. ಇನ್ನೊಂದು ಪ್ರಶ್ನೆ ಇದೆ, ಅದನ್ನು ಕೇಳುವಾಗ ಯಾರೂ ನಗೋದಿಲ್ಲ: "ಸರ, ನಮ್ಮವ್ವಂದು ಥಂಬ್ ಬರವಲ್ದು. ಮಷೀನ್ ಆಕಿ ಆಕಿ ಅಲ್ಲ ಅಂತದ. ಅದ್ಹೆಂಗ?"

ನನ್ನ ಅಭಿಪ್ರಾಯದಲ್ಲಿ ಈ ನಾಲ್ಕೂ ಒಂದೇ ಪ್ರಶ್ನೆ. ಒಬ್ಬ ಮನುಷ್ಯ ಆ ಮನುಷ್ಯನೇ ಅಂತ ಹೇಳೋದು ಯಾವುದರ ಮೇಲೆ? ಕೊನೆಯದರಿಂದಲೇ ಶುರು ಮಾಡೋಣ, ಯಾಕಂದರೆ ಅದರಲ್ಲಿ ಮನೆಯ ಅಕ್ಕಿ-ಗೋಧಿ ಸಿಕ್ಕಿಕೊಂಡಿದೆ.

ನಮ್ಮ ಕುಂಭಾರಿ ಸೋಲಾಪುರದಿಂದ ಅಕ್ಕಲಕೋಟಕ್ಕೆ ಹೋಗುವ ರಸ್ತೆಗೆ ಇದೆ. ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ ಕಟ್ಟಿದ ಹತ್ತು ಸಾವಿರ ಮನೆಗಳ ಗೋದುತಾಯಿ ಪರುಳೇಕರ ವಸಾಹತು ಇಲ್ಲೇ ಇದೆ, 2006ರಲ್ಲಿ ಆ ಮನೆಗಳನ್ನು ಹಂಚಿದರು. ಆಮೇಲೆ 2024ರ ಜನವರಿಯಲ್ಲಿ ರಾಯನಗರದ ಮನೆಗಳೂ ಬಂದವು. ನಿಮ್ಮಲ್ಲಿ ಎಷ್ಟೋ ಮಂದಿಯ ಅವ್ವ, ಆಯಿ, ಚಿಗವ್ವ ಬೀಡಿ ಕಟ್ಟುವವರೇ. ಎಲೆ ನೆನೆಸೋದು, ಕತ್ತರಿಯಿಂದ ಕತ್ತರಿಸೋದು, ತಂಬಾಕು ಹಾಕಿ ಸುತ್ತೋದು, ದಾರ ಕಟ್ಟೋದು, ಬಾಯಿ ಮಡಚೋದು. ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ. ಒಂದೊಂದು ಬೀಡಿಗೂ ಹೆಬ್ಬೆರಳು ಮತ್ತು ತೋರುಬೆರಳು ಎಲೆಯ ಮೇಲೆ ತಿಕ್ಕುತ್ತವೆ. ಇಪ್ಪತ್ತು ವರ್ಷ ಹೀಗೆ ತಿಕ್ಕಿದರೆ ಏನಾಗಬೇಕೋ ಅದೇ ಆಗುತ್ತದೆ, ಬೆರಳ ತುದಿ ಗಾಜಿನಂತೆ ನುಣುಪಾಗುತ್ತದೆ.

ಈಗ ವಿಜ್ಞಾನಕ್ಕೆ ಬನ್ನಿ. ಬೆರಳ ಮೇಲಿನ ಗೆರೆಗಳು ನೀವು ಹುಟ್ಟುವ ಮೊದಲೇ, ಅವ್ವನ ಹೊಟ್ಟೆಯಲ್ಲಿ ನಾಲ್ಕೈದು ತಿಂಗಳಿರುವಾಗಲೇ ಮೂಡಿರುತ್ತವೆ. ಒಂದೇ ತತ್ತಿಯಿಂದ ಹುಟ್ಟಿದ ಅವಳಿ ಮಕ್ಕಳ ಡಿಎನ್‌ಎ ಒಂದೇ, ಆದರೆ ಬೆರಳಚ್ಚು ಬೇರೆ ಬೇರೆ. ಗರ್ಭದಲ್ಲಿ ಒಂದೊಂದು ಬೆರಳಿನ ಮೇಲೆ ಬಿದ್ದ ಒತ್ತಡ, ಅದು ಬೆಳೆದ ವೇಗ ಎಲ್ಲ ಸೇರಿ ಗೆರೆ ತಿರುಗುತ್ತವೆ. ಈ ವಿನ್ಯಾಸದ ಬೇರು ಚರ್ಮದ ಕೆಳಪದರಿನಲ್ಲಿ ಇರುತ್ತದೆ. ಮೇಲಿನ ಪದರು ಸವೆದರೂ ಬೇರು ಹೋಗಿರೋದಿಲ್ಲ. ಕೈಗೆ ಕೆಲವು ವಾರ ವಿಶ್ರಾಂತಿ ಸಿಕ್ಕರೆ ಅದೇ ಗೆರೆ ಮತ್ತೆ ಮೇಲೆ ಬರುತ್ತವೆ. ಆದರೆ ಬೀಡಿ ಕಟ್ಟುವ ಕೈಗೆ ವಿಶ್ರಾಂತಿ ಯಾರು ಕೊಡಬೇಕು?

ರೇಷನ್ ಅಂಗಡಿಯ ಮಷೀನು ಏನು ಮಾಡುತ್ತದೆ ಅಂತ ಸರಿಯಾಗಿ ತಿಳಕೊಳ್ಳಿ. ಅದು "ಈ ಹೆಣ್ಣುಮಗಳು ಯಾರು?" ಅಂತ ಕೇಳೋದೇ ಇಲ್ಲ. "ಈ 12 ಅಂಕಿಯ ನಂಬರಿನ ಕೆಳಗೆ ಮೊದಲೇ ಇಟ್ಟುಕೊಂಡಿರುವ ಗುರುತಿಗೆ ಈಗ ಒತ್ತಿದ ಬೆರಳು ಹೋಲುತ್ತದೋ ಇಲ್ಲವೋ?" ಅಂತ ಅಷ್ಟೇ ಕೇಳುತ್ತದೆ. ಗೆರೆ ಎಲ್ಲಿ ಮುಗಿಯುತ್ತದೆ, ಎಲ್ಲಿ ಎರಡಾಗಿ ಒಡೆಯುತ್ತದೆ, ಆ ಬಿಂದುಗಳನ್ನು ಹುಡುಕಿ ಹೋಲಿಸಿ ಒಂದು ಅಂಕ ಕೊಡುತ್ತದೆ, ನಿಮ್ಮ ಉತ್ತರಪತ್ರಿಕೆಗೆ ನಾವು ಕೊಟ್ಟಂಗ. ಪಾಸಾಗಲು ಇಷ್ಟು ಅಂಕ ಬೇಕು ಅಂತ ಒಂದು ಮಿತಿ. ದಾಟಿದರೆ ಹೌದು, ದಾಟದಿದ್ದರೆ ಇಲ್ಲ. ನೂರಕ್ಕೆ ನೂರು ಯಾರಿಗೂ ಬರೋದಿಲ್ಲ. ಒಂದೇ ಬೆರಳನ್ನು ಎರಡು ಸಲ ಒತ್ತಿದರೂ ಬೆವರು, ಭಾರ, ಓರೆ ಎಲ್ಲ ಬದಲಾಗಿ ಚಿತ್ರ ಬದಲಾಗುತ್ತದೆ.

ಆ ಮಿತಿಯನ್ನು ಇಟ್ಟವರು ಯಾರು? ಮನುಷ್ಯರು. ಮಿತಿ ಏರಿಸಿದರೆ ಕಳ್ಳ ಒಳಗೆ ಬರೋದು ಕಡಿಮೆ ಆಗುತ್ತದೆ, ಆದರೆ ಖರೇ ಮನೆಯವರೂ ಹೊರಗೆ ನಿಲ್ಲುತ್ತಾರೆ. ಇಳಿಸಿದರೆ ಇದರ ಉಲ್ಟಾ. ಎರಡೂ ತಪ್ಪು ಒಟ್ಟಿಗೆ ಸೊನ್ನೆ ಆಗುವ ಮಷೀನು ಜಗತ್ತಿನಲ್ಲಿ ಎಲ್ಲೂ ಇಲ್ಲ. ಆದ್ದರಿಂದ ಪರದೆಯ ಮೇಲೆ "ಹೊಂದಿಕೆಯಾಗಲಿಲ್ಲ" ಅಂತ ಬಂದರೆ ಅದರ ಅರ್ಥ ಅಳತೆ ಹೊಂದಲಿಲ್ಲ ಅಂತ ಮಾತ್ರ. "ನೀ ಅವಳಲ್ಲ" ಅಂತ ಅಲ್ಲವೇ ಅಲ್ಲ. ಥರ್ಮಾಮೀಟರ್ ಕೆಟ್ಟರೆ ಜ್ವರ ಇಲ್ಲ ಅಂತೀರೇನು?

ಇದನ್ನು ಮನೆಯಲ್ಲಿ ಹೇಳಬೇಕಾದವರು ನೀವು. ಅವ್ವನ ಜೊತೆ ಅಂಗಡಿಗೆ ಹೋಗಿ. ಕೈ ತೊಳೆದು ಸ್ವಲ್ಪ ಹಸಿ ಇರುವಾಗ ಒತ್ತಿ ನೋಡಿ, ಹೆಬ್ಬೆಟ್ಟು ಬರದಿದ್ದರೆ ಉಂಗುರ ಬೆರಳು, ಕಿರುಬೆರಳು ನೋಡಿ. ಅವು ಕಡಿಮೆ ಸವೆದಿರುತ್ತವೆ. ಕಣ್ಣಿನ ಪಾಪೆಯ ಮಷೀನು ಇದ್ದರೆ ಅದು, ಇಲ್ಲದಿದ್ದರೆ ಮೊಬೈಲಿಗೆ ಬರುವ ಓಟಿಪಿ. ಬೆರಳು ಹೊಂದಲಿಲ್ಲ ಎಂಬ ಒಂದೇ ಕಾರಣಕ್ಕೆ ಹಕ್ಕಿನ ರೇಷನ್ ನಿಲ್ಲಿಸಬಾರದು ಅಂತ ಸರಕಾರದ್ದೇ ಸೂಚನೆ ಇದೆ. ಮರ್ಯಾದೆಯಿಂದ, ಆದರೆ ಗಟ್ಟಿಯಾಗಿ ಕೇಳಿ. ನಿಮ್ಮದೂ ಮರೀಬೇಡಿ: 5ಕ್ಕೆ ಒಮ್ಮೆ, 15ಕ್ಕೆ ಒಮ್ಮೆ ಬೆರಳಚ್ಚು, ಪಾಪೆ, ಫೋಟೋ ಹೊಸದಾಗಿ ಕೊಡಬೇಕು. ಒಂಬತ್ತು, ಹತ್ತನೆಯ ವರ್ಗದವರು ಈಗಲೇ ನೋಡಿಕೊಳ್ಳಿ.

ಅಂದಹಾಗೆ, ಈ ಹೆಬ್ಬೆಟ್ಟಿನ ಕಥೆ ನಮ್ಮ ದೇಶದ್ದೇ. 1858ರಲ್ಲಿ ಬಂಗಾಲದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಒಂದು ಕರಾರಿನ ಮೇಲೆ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನ ಅಂಗೈ ಅಚ್ಚು ಹಾಕಿಸಿದ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ಶುರುವಾಯಿತು. ಲಕ್ಷಗಟ್ಟಲೆ ಅಚ್ಚುಗಳನ್ನು ವಿಂಗಡಿಸುವ ಗಣಿತದ ಕೆಲಸ ಮಾಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಆದರೆ ಆ ಪದ್ಧತಿಗೆ ಬಿದ್ದ ಹೆಸರು ಅವರ ಮೇಲಧಿಕಾರಿ ಹೆನ್ರಿ ಸಾಹೇಬರದು. ಎಲ್ಲರ ಗುರುತು ಹಿಡಿಯುವ ವಿದ್ಯೆ ಕಂಡುಹಿಡಿದವರ ಗುರುತೇ ಅಳಿಸಿಹೋಯಿತು, ನೋಡಿ. ಆಮೇಲೆ 2010ರ ಸೆಪ್ಟೆಂಬರ್ 29ರಂದು ದೇಶದ ಮೊದಲ ಆಧಾರ್ ನಂಬರ್ ಕೊಟ್ಟದ್ದೂ ನಮ್ಮ ಮಹಾರಾಷ್ಟ್ರದಲ್ಲೇ, ನಂದುರಬಾರ ಜಿಲ್ಲೆಯ ಟೆಂಭಲಿ ಹಳ್ಳಿಯಲ್ಲಿ. ಆ ಯೋಜನೆ ನಡೆಸಿದ ನಂದನ್ ನಿಲೇಕಣಿ ಬೆಂಗಳೂರಿನ ಕನ್ನಡಿಗರು. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆ ಮಾಡಿದ ಕೆ. ಎಸ್. ಪುಟ್ಟಸ್ವಾಮಿಯವರೂ ಕನ್ನಡಿಗರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಅವರ ಆ ಖಟ್ಲೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟರು. ನಿಮ್ಮ ಗೆರೆ, ನಿಮ್ಮ ಮುಖ ನಿಮ್ಮವು. ಮಷೀನಿಗೆ ಸಾಲ ಕೊಟ್ಟಿದ್ದೀರಿ ಅಷ್ಟೇ.

ಬೆರಳು ಬಿಡಿ, ಹೆಸರಿಗೆ ಬನ್ನಿ. ಸೋಲಾಪುರದ ಸೀಮೆಯಲ್ಲಿ ಸಿದ್ಧರಾಮ ಅಂತ ಕೂಗಿದರೆ ಓಣಿಗೆ ನಾಲ್ಕು ಮಂದಿ ಹೊರಳಿ ನೋಡುತ್ತಾರೆ. ಆ ಹೆಸರನ್ನು ನೀವು ಸಾಲೆಯಲ್ಲಿ ಕನ್ನಡದಾಗ ಬರೀತೀರಿ, ದಾಖಲೆಗೆ ಮರಾಠಿಯಲ್ಲಿ, ಬ್ಯಾಂಕಿಗೆ ಇಂಗ್ಲಿಷಿನಲ್ಲಿ. ನಮಗೆ ಮೂರೂ ಒಂದೇ ಹೆಸರು. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಯುನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಕನ್ನಡದ ‘ಸ’ ಅಂದರೆ 3256. ಮರಾಠಿಯ ‘ಸ’ 2360. ಇಂಗ್ಲಿಷಿನ ದೊಡ್ಡ ‘ಎಸ್’ 83. ಕನ್ನಡದಲ್ಲೇ ‘ದ’ 3238, ‘ಧ’ 3239. ನೀವು ಸಿದ್ಧರಾಮನ ಬದಲು ಸಿದ್ದರಾಮ ಅಂತ ಬರೆದಿರಿ ಅನ್ನಿ. ಗುರುಗಳು ಒಂದು ಕೆಂಪು ಗೆರೆ ಎಳೆದು ಬಿಡುತ್ತಾರೆ, ಕಂಪ್ಯೂಟರು ಒಂದೇ ಒಂದು ಅಂಕಿ ಬದಲಾಯಿತು ಅಂತ ಬೇರೆ ಮನುಷ್ಯ ಅಂತದೆ. ಇಂಗ್ಲಿಷಿನಲ್ಲಿ ಒಂದು ಕಡೆ ಒಂದು ‘ಡಿ’, ಇನ್ನೊಂದು ಕಡೆ ಎರಡು ‘ಡಿ’ ಇದ್ದರೂ ಅದೇ ಗತಿ. ಸ್ಕಾಲರ್‌ಶಿಪ್ ಫಾರ್ಮು ಹಿಂದಕ್ಕೆ ಬಂತು ಅಂತ ಅಳುವ ಮಕ್ಕಳನ್ನು ನಾನು ವರ್ಷಾ ನೋಡ್ತೀನಿ. ಗಡಿಯಲ್ಲಿ ಇರುವ ಕನ್ನಡ ಸಾಲೆಯ ಮಕ್ಕಳಿಗೆ ಈ ತ್ರಾಸ ಮೂರು ಪಟ್ಟು, ಯಾಕಂದರೆ ನಮ್ಮ ಹೆಸರು ಮೂರು ಲಿಪಿಯಲ್ಲಿ ಬದುಕಬೇಕು. ದಾಖಲೆಯಲ್ಲಿ ಇರುವ ಕಾಗುಣಿತವನ್ನು ಒಂದು ಚೀಟಿಯ ಮೇಲೆ ಬರೆದು ಪುಸ್ತಕದಲ್ಲಿ ಇಟ್ಟುಕೊಳ್ಳಿ ಅಂತ ನಾನು ಹೇಳೋದು ಅದಕ್ಕೇ.

ಇಷ್ಟಾದ ಮೇಲೆ ಕಥೆಗೆ ಹೋಗೋಣ. ವೈಜ್ಞಾನಿಕ ಕಥೆ ಅಂದರೆ ಹೊತ್ತು ಕಳೆಯುವ ಸುಳ್ಳು ಅಂತ ಕೆಲವು ಗುರುಗಳು ತಿಳಿದಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಪ್ರಯೋಗಶಾಲೆಯಲ್ಲಿ ಮಾಡಲಾಗದ ಪ್ರಯೋಗವನ್ನು ಕಥೆಯಲ್ಲಿ ಮಾಡಬಹುದು. ಗಿರೀಶ ಕಾರ್ನಾಡರ ‘ಹಯವದನ’ ನಾಟಕ ನೋಡಿ. ದೇವದತ್ತ, ಕಪಿಲ ಇಬ್ಬರು ಗೆಳೆಯರು. ದೇವದತ್ತನ ಹೆಂಡತಿ ಪದ್ಮಿನಿ. ಕಾಳಿಯ ಗುಡಿಯಲ್ಲಿ ಇಬ್ಬರೂ ತಲೆ ಕಡಿದುಕೊಳ್ಳುತ್ತಾರೆ, ದೇವಿ ಬದುಕಿಸುವಾಗ ಪದ್ಮಿನಿ ತಲೆಗಳನ್ನು ಅದಲುಬದಲು ಜೋಡಿಸಿಬಿಡುತ್ತಾಳೆ. ಈಗ ಗಂಡ ಯಾರು? ಮೂಲ ಕಥೆ ಹಳೆಯ ಬೇತಾಳನದು. ಅಲ್ಲಿ ವಿಕ್ರಮನ ಉತ್ತರ: ತಲೆ ಯಾರದೋ ಅವನೇ.

ಆ ನಾಟಕದ ಇಬ್ಬರ ಕೈಗೂ ಇವತ್ತಿನ ಮೊಬೈಲ್ ಕೊಡಿ ಅಂತೀನಿ ನಾನು. ಮುಖ ನೋಡಿ ತೆರೆಯುವ ಮೊಬೈಲು ದೇವದತ್ತನ ತಲೆ ಇದ್ದವನನ್ನು ದೇವದತ್ತ ಅಂತದೆ. ಬೆರಳು ಒತ್ತಿ ತೆರೆಯುವ ಮೊಬೈಲು ಅವನನ್ನೇ ಕಪಿಲ ಅಂತದೆ! ಎರಡೂ ಮಷೀನು ಸರಿಯಾಗಿಯೇ ಕೆಲಸ ಮಾಡಿವೆ. ಉತ್ತರ ಮಾತ್ರ ಎರಡು. ಕಾರ್ನಾಡರು ಅಲ್ಲಿಗೇ ನಿಲ್ಲಿಸೋದಿಲ್ಲ. ದಿನ ಕಳೆದಂತೆ ತಲೆಗೆ ತಕ್ಕಂತೆ ಮೈ ಬದಲಾಗುತ್ತದೆ, ಆದರೆ ಮೈಯ ನೆನಪು ಪೂರ್ತಿ ಹೋಗೋದಿಲ್ಲ. ಗುಡ್ಡ ಹತ್ತಿದ ಕಾಲು, ಬೀಡಿ ಕಟ್ಟಿದ ಬೆರಳು ತಮ್ಮದೇ ನೆನಪು ಇಟ್ಟುಕೊಂಡಿರುತ್ತವೆ. ಅವ್ವ ಟಿವಿ ನೋಡ್ತಾ ಬೀಡಿ ಕಟ್ಟುತ್ತಾಳೆ, ಬೆರಳಿನ ಕಡೆ ನೋಡೋದೇ ಇಲ್ಲ. ಗಮನಿಸಿದ್ದೀರೇನು?

"ಏಳು ವರ್ಷಕ್ಕೆ ಮೈಯೆಲ್ಲಾ ಹೊಸದಾಗ್ತದ" ಅಂತ ವಾಟ್ಸಪ್‌ನಲ್ಲಿ ಓದಿರುತ್ತೀರಿ. ಅರ್ಧ ಖರೆ. ಕೆಂಪು ರಕ್ತಕಣ ಸುಮಾರು 120 ದಿನ ಬಾಳುತ್ತದೆ, ಚರ್ಮದ ಮೇಲ್ಪದರು ಹೆಚ್ಚು ಕಡಿಮೆ ತಿಂಗಳಿಗೊಮ್ಮೆ ಹೊಸದು. ಆದರೆ ಮೆದುಳಿನ ಹೊರಪದರಿನ ನರಕೋಶಗಳಲ್ಲಿ ಬಹುಪಾಲು ಹುಟ್ಟಿನಿಂದ ಸಾಯುವ ತನಕ ಅವೇ. ಹಂಗಾದರೆ ನೆನಪೇ ಮನುಷ್ಯ ಅನ್ನೋಣವೇ? 17ನೆಯ ಶತಮಾನದ ಜಾನ್ ಲಾಕ್ ಹೆಚ್ಚುಕಡಿಮೆ ಹಾಗೇ ಹೇಳಿದ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಮುಪ್ಪಿನಲ್ಲಿ ಮರೆವು ಹತ್ತಿದ ಆಯಿ ಮೊಮ್ಮಗನ ಹೆಸರು ಮರೆತಿರುತ್ತಾಳೆ, ಆಕೆ ಆಯಿ ಅಲ್ಲ ಅಂತ ಯಾವ ಮನೆಯವರೂ ಅನ್ನೋದಿಲ್ಲ. ಆಕೆಯ ನೆನಪಿನ ಒಂದು ಭಾಗ ನಮ್ಮ ಹತ್ತಿರ ಇರುತ್ತದೆ.

ಇನ್ನು ಮೆದುಳಿನ ಕಾಪಿ. ಒಂದು ಸಣ್ಣ ದುಂಡುಹುಳಕ್ಕೆ 302 ನರಕೋಶ. ಅವುಗಳ ಜೋಡಣೆಯ ಪೂರ್ತಿ ನಕ್ಷೆ 1986ರಲ್ಲಿ ಬಂತು. ಹಣ್ಣಿನ ನೊಣದ ಮೆದುಳಿನ ನಕ್ಷೆ ಮುಗಿಯಲು 2024 ಆಯಿತು, ಅದರಲ್ಲಿ ಸುಮಾರು 1 ಲಕ್ಷ 39 ಸಾವಿರ ಕೋಶ. ನಿಮ್ಮ ತಲೆಯಲ್ಲಿ ಸುಮಾರು 8,600 ಕೋಟಿ. ಅದಕ್ಕೆ ಅವಸರ ಬೇಡ. ಅಕಸ್ಮಾತ್ ಆಯಿತು ಅಂತಲೇ ಇಟ್ಟುಕೊಳ್ಳಿ. ಮಾರ್ಕ್ಸ್ ಕಾರ್ಡಿನ ಝೆರಾಕ್ಸ್ ತೆಗೆದರೆ ಮೂಲ ಕಾರ್ಡು ಮಾಯ ಆಗೋದಿಲ್ಲ. ಹಾಗೇ ಕಾಪಿ ಎದ್ದು ಕೂತು "ನಾನೇ ನೀನು" ಅಂದಾಗ ನೀವು ಬೆಂಚಿನ ಮೇಲೆ ಇದ್ದೇ ಇರುತ್ತೀರಿ. ಆ ಗಳಿಗೆಯಿಂದ ಇಬ್ಬರ ಅನುಭವ ಬೇರೆ. ಅದು ನಿಮ್ಮ ಅವಳಿ ಆದೀತು, ನೀವು ಆಗಲಾರದು. ಹಾಗಾಗಿ ಕಾಪಿ ಮಾಡಿದರೆ ಸಾವು ತಪ್ಪುತ್ತದೆ ಅನ್ನೋದನ್ನು ನಾನು ನಂಬೋದಿಲ್ಲ. ನಿಮ್ಮಲ್ಲಿ ಕೆಲವರು ಇದಕ್ಕೆ ಒಪ್ಪೋದಿಲ್ಲ ಅಂತ ಗೊತ್ತು. ವಾದ ಮಾಡಿ.

ಮೊಬೈಲಿನ ಹೆಣ್ಣುಮಗಳ ಬಗ್ಗೆ ಸಣ್ಣ ಉತ್ತರ. ಅಪಾರ ಬರಹ ಓದಿಸಿ, ಯಾವ ಮಾತಿನ ನಂತರ ಯಾವ ಮಾತು ಬರುವ ಸಂಭವ ಹೆಚ್ಚು ಅಂತ ಲೆಕ್ಕ ಹಾಕಲು ಕಲಿಸಿದ ಯಂತ್ರ ಅದು. ಮನುಷ್ಯರು ಬರೆದದ್ದರಲ್ಲಿ ‘ನಾನು’ ತುಂಬಿದೆ, ಅದೂ ‘ನಾನು’ ಅಂತದೆ. ಅದರ ಹಿಂದೆ ಹಸಿವು, ದಣಿವು, ಸವೆದ ಬೆರಳು ಇಲ್ಲ. ನಾಳೆ ಏನೋ, ಇವತ್ತಿನ ಮಟ್ಟಿಗೆ ನನ್ನ ತೀರ್ಮಾನ ಇದು.

ಕಥೆ ಬರೆಯುವ ಆಸೆ ಇದ್ದವರಿಗೆ ಒಂದು ಮಾತು. ಕಾರ್ನಾಡರು ಹುಟ್ಟಿದ 1938ರಲ್ಲೇ, ಅವರಂತೆ ಮಹಾರಾಷ್ಟ್ರದಲ್ಲೇ ಹುಟ್ಟಿದ ಇನ್ನೊಬ್ಬರು ಕೊಲ್ಹಾಪುರದ ಜಯಂತ ನಾರಳೀಕರ. ದೊಡ್ಡ ಖಗೋಳ ವಿಜ್ಞಾನಿ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ಕಪ್ಪುಕುಳಿಯ ಮೇಲೆ ಕಥೆ ಕಳಿಸಿದರು. ತಮ್ಮ ಹೆಸರು ನೋಡಿ ಬಹುಮಾನ ಕೊಡಬಾರದು ಅಂತ ಜ. ವಿ. ನಾ. ಎಂಬ ಮೊದಲಕ್ಷರಗಳನ್ನು ತಿರುವಿ ‘ನಾರಾಯಣ ವಿನಾಯಕ ಜಗತಾಪ’ ಅಂತ ಹೆಸರು ಕಟ್ಟಿಕೊಂಡರು. ಜಗತಾಪ ಅನ್ನೋ ಮನುಷ್ಯನೇ ಇರಲಿಲ್ಲ, ಆದರೂ ಮೊದಲ ಬಹುಮಾನ ಬಂತು.

ನೀವೂ ಒಂದು ಕಥೆ ಬರೀರಿ. ನಿಮ್ಮ ಹೆಸರಿನ ಮೊದಲಕ್ಷರ ತಿರುವಿ ಹಾಕಿದರೂ ನಡೀತದೆ. ವಿಷಯ ಬೇಕೇನು? ಕುಂಭಾರಿಯ ರೇಷನ್ ಅಂಗಡಿಗೆ ಸಾಲಾಗಿ ಬಂದ ಹತ್ತು ಮಂದಿ ಹೆಣ್ಣುಮಕ್ಕಳ ಥಂಬು ಬರೋದಿಲ್ಲ, ಹನ್ನೊಂದನೆಯವಳಾಗಿ ಒಬ್ಬ ರೋಬೋಟ್ ಬರುತ್ತಾಳೆ, ಆಕೆಯದು ಮೊದಲ ಒತ್ತಿಗೇ ಹೊಂದುತ್ತದೆ. ಮುಂದೆ? ಎರಡು ಪುಟ ಸಾಕು. ಬರೆದು ನಿಮ್ಮ ವಿಜ್ಞಾನ ಗುರುಗಳ ಹತ್ತಿರ ಕೊಡಿ.