ಭಾನುವಾರದ ರಜೆ ಯಾರಿಗೆ?

ನಂಬಿಕೆ ಎಂಬ ಮಾತನ್ನು ನಾವು ಕ್ರೈಸ್ತ ಹೆಂಗಸರು ದಿನಕ್ಕೆ ಹತ್ತು ಸಲವಾದರೂ ಆಡುತ್ತೇವೆ. ಮಗನಿಗೆ ಸೀಟು ಸಿಕ್ಕರೆ ನಂಬಿಕೆಯ ಫಲ, ಮಗಳಿಗೆ ಗಂಡು ಗೊತ್ತಾದರೆ ನಂಬಿಕೆಯ ಫಲ, ಬಿ.ಪಿ. ಇಳಿದರೂ ನಂಬಿಕೆಯ ಫಲ. ಶಿಷ್ಯತ್ವ ಎಂಬ ಮಾತು ಮಾತ್ರ ನಮ್ಮ ಬಾಯಲ್ಲಿ ಅಪರೂಪ. ಅದು ಪಾದ್ರಿಗಳಿಗೆ, ಮನೆಮಾರು ಬಿಟ್ಟು ದೇವರ ಸೇವೆಗೆ ಹೋದವರಿಗೆ ಸೇರಿದ್ದು ಎಂದು ಪಕ್ಕಕ್ಕಿಟ್ಟಿದ್ದೇವೆ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಶಿಷ್ಯ ಎಂದರೆ ಯಾರೆಂದು ಸ್ವಲ್ಪ ಗೊತ್ತು. ಪಾಠ ಕೇಳಿ 'ಬಹಳ ಚೆನ್ನಾಗಿತ್ತು ಟೀಚರ್' ಎಂದು ಹೊರಟುಹೋಗುವವನು ಶಿಷ್ಯನಲ್ಲ. ಮನೆಗೆ ಹೋಗಿ ಲೆಕ್ಕ ಮಾಡಿಕೊಂಡು ಬರುವವನು ಶಿಷ್ಯ.

ಹಾಗಾದರೆ ನಮ್ಮ ಮನೆಲೆಕ್ಕ ಯಾವುದು? ಪಟ್ಟಣದ ಗೃಹಿಣಿಯರಾದ, ನೌಕರಿಗೆ ಹೋಗುವ ಹೆಂಗಸರಾದ ನಮ್ಮ ಶಿಷ್ಯತ್ವದ ಮೊದಲ ಪರೀಕ್ಷೆ ನಮ್ಮ ಹಿತ್ತಿಲ ಬಾಗಿಲಲ್ಲೇ ನಡೆಯುತ್ತದೆ. ಕಸ ಗುಡಿಸಿ, ಮುಸುರೆ ತಿಕ್ಕಿ, ಬಟ್ಟೆ ಒಗೆದು ಹೋಗುವ ಹೆಣ್ಣುಮಗಳ ಎದುರಿಗೆ ನಡೆಯುತ್ತದೆ. ಈ ಪರೀಕ್ಷೆಯಲ್ಲಿ ನಮ್ಮ ಸಭೆಗಳ ಬಹುಪಾಲು ಮನೆಗಳು ನಪಾಸಾಗಿವೆ ಎಂಬುದು ನನ್ನ ಆರೋಪ.

ಮೊದಲು ಭಾನುವಾರದ ಮಾತು. ಎಂಟೂವರೆಗೆ ಆರಾಧನೆ. ಅಷ್ಟರೊಳಗೆ ತಿಂಡಿಯಾಗಬೇಕು, ಮಕ್ಕಳು ತಯಾರಾಗಬೇಕು, ಸೀರೆಯ ನೆರಿಗೆ ಸರಿಯಾಗಬೇಕು. ಇದೆಲ್ಲ ಹೇಗೆ ಸಾಧ್ಯವಾಗುತ್ತದೆ? ಕೆಲಸದಾಕೆ ಆರು ಗಂಟೆಗೇ ಬಂದಿರುತ್ತಾಳೆ. ಮಧ್ಯಾಹ್ನ ನೆಂಟರು ಊಟಕ್ಕೆ ಬರುವುದರಿಂದ ಅಂದು ಪಾತ್ರೆಯೂ ದುಪ್ಪಟ್ಟು. ನಾವು ಕರ್ತನ ದಿನವನ್ನು ಆಚರಿಸುವುದಕ್ಕೆ ಆಕೆ ವಾರದ ಏಳು ದಿನವೂ ದುಡಿಯಬೇಕು! ಹತ್ತು ಆಜ್ಞೆಗಳನ್ನು ಭಾನುವಾರದ ಶಾಲೆಯಲ್ಲಿ ಬಾಯಿಪಾಠ ಮಾಡಿದವರು ನಾವು. ಸಬ್ಬತ್ ದಿನದ ಆಜ್ಞೆ ಪ್ರಾಟೆಸ್ಟಂಟರ ಎಣಿಕೆಯಲ್ಲಿ ನಾಲ್ಕನೆಯದು, ಕಥೊಲಿಕರ ಎಣಿಕೆಯಲ್ಲಿ ಮೂರನೆಯದು. ಯಾವ ಎಣಿಕೆಯಲ್ಲಿ ನೋಡಿದರೂ ಅದರೊಳಗೆ ದಾಸಿ ಇದ್ದಾಳೆ. ಅಂದು ಕೆಲಸ ಮಾಡಬಾರದವರ ಪಟ್ಟಿಯಲ್ಲಿ ಮಗ, ಮಗಳು, ದಾಸ, ದಾಸಿ, ದನಕರು, ಊರಿಗೆ ಬಂದ ಪರದೇಶಿ ಎಲ್ಲರೂ ಸೇರಿದ್ದಾರೆ. ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯ ಕಾರಣವನ್ನೂ ಕೊಡುತ್ತದೆ: ಯಜಮಾನನಿಗೆ ಸಿಗುವ ವಿಶ್ರಾಂತಿ ಆಳಿಗೂ ಸಿಗಬೇಕು, ಏಕೆಂದರೆ ನೀವೂ ಒಂದು ಕಾಲಕ್ಕೆ ಐಗುಪ್ತದಲ್ಲಿ ಆಳುಗಳಾಗಿದ್ದಿರಿ. ಮಕ್ಕಳಿಗೆ ಈ ಆಜ್ಞೆಯನ್ನು ಕಲಿಸುವಾಗ ನಾವು ಮೊದಲ ಸಾಲಿಗೇ ನಿಲ್ಲಿಸಿಬಿಡುತ್ತೇವೆ. ದನಕ್ಕೂ ಸಿಕ್ಕ ರಜೆ ನಮ್ಮ ಮನೆಯ ಹೆಂಗಸಿಗೆ ಸಿಕ್ಕಿಲ್ಲ.

ಎರಡನೆಯದು ಸಂಬಳ. ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವುದರೊಳಗೆ ಕೊಟ್ಟುಬಿಡಬೇಕೆಂದು ಅದೇ ಧರ್ಮೋಪದೇಶಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯ ಕಟ್ಟಪ್ಪಣೆ ಮಾಡುತ್ತದೆ. ತಡೆಹಿಡಿದ ಕೂಲಿಯೇ ದೇವರಿಗೆ ದೂರು ಕೊಡುತ್ತದೆಂದು ಯಾಕೋಬನ ಪತ್ರಿಕೆ ಎಚ್ಚರಿಸುತ್ತದೆ. ನಮ್ಮಲ್ಲಿ ಏನಾಗುತ್ತಿದೆ? ತಿಂಗಳು ಮುಗಿದು ಹತ್ತು ದಿನವಾದರೂ 'ಚಿಲ್ಲರೆ ಇಲ್ಲ, ನಾಳೆ ಬಾ'. ಜ್ವರ ಬಂದು ಎರಡು ದಿನ ತಪ್ಪಿದರೆ ಕಡಿತ. ಇನ್ನೂರು ರೂಪಾಯಿ ಹೆಚ್ಚಿಸಲು ಕೇಳಿದರೆ ಅರ್ಧ ಗಂಟೆ ಚೌಕಾಸಿ. ಹಾಗೆ ಚೌಕಾಸಿ ಮಾಡಿದವರೇ ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಎರಡು ಸಾವಿರ ಕೂಗುವುದನ್ನು ನೋಡಿದ್ದೇನೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ದೇವರಿಗೆ ಕೊಟ್ಟಿದ್ದಲ್ಲವೇ!

ಈ ಜಾಣತನ ಹಳೆಯದು. ಯೇಸುಸ್ವಾಮಿಯ ಕಾಲದಲ್ಲಿ ಅದಕ್ಕೆ 'ಕೊರ್ಬಾನ್' ಎಂಬ ಹೆಸರಿತ್ತು. ಮುದಿ ತಂದೆತಾಯಿಗೆ ಸಲ್ಲಬೇಕಾದ ಹಣವನ್ನು 'ಇದು ದೇವರಿಗೆ ಮೀಸಲು' ಎಂದು ಹೇಳಿ ಕೈತೊಳೆದುಕೊಳ್ಳುವ ಪದ್ಧತಿ ಅದು. ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಆತನು ಅದನ್ನು ಖಂಡಿಸಿದ ರೀತಿ ಓದಿದರೆ, ಕಾಣಿಕೆಯ ಲಕೋಟೆ ಮುಚ್ಚುವ ಮುಂಚೆ ನಮ್ಮ ಕೈ ಸ್ವಲ್ಪ ತಡೆಯಬೇಕು. ಜಕ್ಕಾಯನ ಕಥೆಯನ್ನೇ ನೋಡಿ. ಅವನು ಮರ ಹತ್ತಿದ್ದನ್ನು ಮಕ್ಕಳಿಗೆ ಅಭಿನಯ ಮಾಡಿಸಿ ತೋರಿಸುತ್ತೇವೆ. ಮರ ಇಳಿದ ಮೇಲೆ ಅವನು ತೀರಿಸಲು ಹೊರಟ ಲೆಕ್ಕ ಯಾರಿಗೂ ನೆನಪಿರುವುದಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು. ಆ ಮನೆಗೆ ರಕ್ಷಣೆ ಬಂತೆಂದು ಯೇಸು ಸಾರಿದ್ದು ಆ ಲೆಕ್ಕ ಕೇಳಿದ ಮೇಲೆ.

ಮೂರನೆಯದು ಲೋಟ. ಕಿಟಕಿಯ ಮೇಲೋ ನಲ್ಲಿಯ ಪಕ್ಕದಲ್ಲೋ ಕವುಚಿಟ್ಟ ಆ ಒಂದು ಸ್ಟೀಲ್ ಲೋಟ ನಿಮ್ಮ ಮನೆಯಲ್ಲೂ ಇದೆಯೇ, ನೋಡಿಕೊಳ್ಳಿ. ಕೇಳಿದರೆ 'ಜಾತಿ ಗೀತಿ ನಮ್ಮಲ್ಲಿಲ್ಲಪ್ಪ, ಶುಚಿತ್ವಕ್ಕಾಗಿ' ಎನ್ನುತ್ತೇವೆ. ಮನೆಯ ಅಷ್ಟೂ ಪಾತ್ರೆಗಳನ್ನು ತೊಳೆದು ಶುಚಿ ಮಾಡಿದ ಕೈಗೆ ಶುಚಿತ್ವದ ಹೆಸರಲ್ಲಿ ಬೇರೆ ಲೋಟ! ಸಮಾರ್ಯದ ಹೆಂಗಸಿನ ಕಥೆಯನ್ನು ಒಮ್ಮೆ ನಿಧಾನವಾಗಿ ಓದಿ. ಯೇಸುವಿನ ಹತ್ತಿರ ಸೇದುವುದಕ್ಕೆ ಏನೂ ಇರಲಿಲ್ಲ. ಯೆಹೂದ್ಯರು ಮುಟ್ಟಿಸಿಕೊಳ್ಳದ ಜನದ ಹೆಂಗಸಿನ ಕೊಡದಿಂದಲೇ ಆತನು ಕುಡಿಯಬೇಕಿತ್ತು. ಕುಡಿಯಲು ಕೊಡು ಎಂದು ಕೇಳಿದವನೂ ಆತನೇ. ಆಕೆ ಬೆರಗಾದದ್ದು ಅದಕ್ಕೇ. ಕರ್ತನ ಭೋಜನದಲ್ಲಿ ಒಂದೇ ರೊಟ್ಟಿಯ ಪಾಲು ತೆಗೆದುಕೊಂಡು ಬಂದ ನಾವು ಮನೆಯಲ್ಲಿ ಲೋಟ ಬೇರೆ ಮಾಡಿದರೆ, ಆ ರೊಟ್ಟಿಗೆ ನಮ್ಮಲ್ಲಿ ಏನು ಅರ್ಥ ಉಳಿಯಿತು?

ಹೆಂಗಸರ ಕೂಟವೊಂದರಲ್ಲಿ ಈ ಮಾತೆತ್ತಿದಾಗ ಹಿರಿಯರೊಬ್ಬರು, 'ಬೈಬಲ್ ಅಧ್ಯಯನದಲ್ಲಿ ಸಂಬಳ ಸಾರಿಗೆಯ ಮಾತೇಕೆ ಟೀಚರಮ್ಮ? ಆತ್ಮಿಕ ವಿಷಯ ಮಾತಾಡೋಣ' ಎಂದರು. ನನಗೆ ಜಗಳವಿರುವುದು ಈ ಮಾತಿನೊಂದಿಗೇ. ಸಂಬಳವನ್ನು ಬಿಟ್ಟ ಆತ್ಮಿಕತೆ ಸತ್ಯವೇದದಲ್ಲಿ ಎಲ್ಲಿದೆ? ಸತ್ಯವೇದದ ತುಂಬ ಕೂಲಿ, ಸಾಲ, ಅಳತೆ, ತಕ್ಕಡಿ, ತೆನೆ, ರೊಟ್ಟಿ ಇವುಗಳದೇ ಮಾತು. ಅವನ್ನೆಲ್ಲ ಜರಡಿ ಹಿಡಿದು ತೆಗೆದರೆ ಉಳಿಯುವುದು ನಮ್ಮ ಕೀರ್ತನೆಯ ರಾಗ ಮಾತ್ರ.

ಇನ್ನೊಬ್ಬರು ಪೌಲನನ್ನು ಕರೆತಂದರು. ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂದು ಕೊಲೊಸ್ಸೆಯವರಿಗೆ ಬರೆದಿಲ್ಲವೇ ಎಂದರು. ಬರೆದಿದೆ, ಮೂರನೆಯ ಅಧ್ಯಾಯದ ಕೊನೆಯಲ್ಲಿ. ಪುಟ ತಿರುಗಿಸಿದರೆ ನಾಲ್ಕನೆಯ ಅಧ್ಯಾಯದ ಮೊದಲ ವಚನದಲ್ಲೇ, ಆಳುಗಳಿಗೆ ನ್ಯಾಯವಾದದ್ದನ್ನು ಕೊಡಿ, ನಿಮಗೂ ಪರಲೋಕದಲ್ಲಿ ಯಜಮಾನನಿದ್ದಾನೆ ಎಂಬ ಬುದ್ಧಿಮಾತಿದೆ. ಅಧ್ಯಾಯಗಳ ಈಗಿನ ವಿಂಗಡಣೆ ಪೌಲನದಲ್ಲ, 13ನೆಯ ಶತಮಾನದಲ್ಲಿ ಬಂದದ್ದು. ಆಳಿನ ಕರ್ತವ್ಯವನ್ನು ಓದಿ, ಅಧ್ಯಾಯ ಮುಗಿಯಿತೆಂದು ಪುಸ್ತಕ ಮುಚ್ಚಿ, ಯಜಮಾನಿಯ ಕರ್ತವ್ಯಕ್ಕೆ ಹೋಗದೇ ಇರುವುದು ನಮ್ಮ ಅನುಕೂಲ.

'ಯಜಮಾನರು ಕೊಡುವುದೇ ಇಷ್ಟು, ನಾನೇನು ಮಾಡಲಿ' ಎನ್ನುವವರೂ ಇದ್ದಾರೆ. ಕೆಲವು ಮನೆಗಳಲ್ಲಿ ಇದು ನಿಜ. ಗಂಡನ ಮುಂದೆ ಕೈಚಾಚುವ ಹೆಂಗಸಿನ ಕಷ್ಟ ನನಗೆ ಗೊತ್ತು. ಆದರೆ ಲೋಟ ಬದಲಾಯಿಸಲು ಯಾವ ಗಂಡನ ಸಹಿ ಬೇಕು? ಭಾನುವಾರ ಪಾತ್ರೆಗಳನ್ನು ಗಂಡ, ಮಕ್ಕಳು, ನಾವು ಹಂಚಿಕೊಂಡು ತೊಳೆದರೆ ಎಷ್ಟು ರೂಪಾಯಿ ಖರ್ಚಾಗುತ್ತದೆ? ಉಪದೇಶದ ಪೀಠ ಗಂಡಸರ ಕೈಯಲ್ಲಿರಬಹುದು. ಕೆಲಸದಾಕೆಯೊಂದಿಗಿನ ದಿನನಿತ್ಯದ ವ್ಯವಹಾರ ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ. ಈ ವಿಷಯದಲ್ಲಿ ನಾವು ಯಾರ ಬೆನ್ನ ಹಿಂದೆಯೂ ಅಡಗುವಂತಿಲ್ಲ.

ನಮ್ಮ ಹಿರಿಯರ ಚರಿತ್ರೆಯೂ ನಮ್ಮನ್ನು ನಾಚಿಸಬೇಕು. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರಿಸ್ತನನ್ನು ನಂಬಿದವರನ್ನು ಜಾತಿಯವರು ಹೊರಗೆ ಹಾಕಿದಾಗ ಅನೇಕರಿಗೆ ಮನೆ ಹೋಯಿತು, ಉದ್ಯೋಗ ಹೋಯಿತು. ಪ್ರಾರ್ಥನೆ ಮಾಡಿರಿ ಎಂದಷ್ಟೇ ಹೇಳಿ ಮಿಷನ್ ಸುಮ್ಮನಿರಲಿಲ್ಲ. ನೇಯ್ಗೆಯ ಕಾರ್ಖಾನೆ ಕಟ್ಟಿತು, 1865ರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿತು. ಆ ಕಾಲದ ಮಿಷನರಿಗಳ ದೋಷಗಳನ್ನು ಬೇಕಾದಷ್ಟು ಪಟ್ಟಿ ಮಾಡಬಹುದು. ಆದರೂ ನಂಬಿಕೆಗೂ ಹೊಟ್ಟೆಪಾಡಿಗೂ ಸಂಬಂಧವಿದೆ ಎಂಬುದು ಅವರಿಗೆ ಗೊತ್ತಿತ್ತು. ಆ ಕೂಲಿಯಿಂದ ತಲೆಯೆತ್ತಿದ ಮನೆತನಗಳ ಮೊಮ್ಮಕ್ಕಳು ಇಂದು ಕೂಲಿಯ ಮಾತನ್ನು ಆತ್ಮಿಕವಲ್ಲ ಎನ್ನುವುದು ಸೋಜಿಗ.

ಸರ್ಕಾರ ಕೂಡ ನಮಗಿಂತ ಮುಂದೆ ಹೋಯಿತು. ಕರ್ನಾಟಕದಲ್ಲಿ ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಮಾಡಿದ್ದು 2004ರಲ್ಲಿ. 2011ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಗೆಲಸದವರಿಗಾಗಿ ಮಾಡಿದ ಒಡಂಬಡಿಕೆ ವಾರಕ್ಕೆ ಇಡೀ ಇಪ್ಪತ್ತನಾಲ್ಕು ಗಂಟೆಯ ವಿಶ್ರಾಂತಿಯನ್ನು ವಿಧಿಸಿದೆ. ಜಿನೀವಾದಲ್ಲಿ ಕುಳಿತವರು ಹೇಳಿದ್ದು ಸೀನಾಯಿ ಬೆಟ್ಟದ ಆಜ್ಞೆಗಿಂತ ಹೊಸದೇನಲ್ಲ. ನಮ್ಮ ಎಷ್ಟು ಸಭೆಗಳಲ್ಲಿ ಇದರ ಬಗ್ಗೆ ಒಂದು ಪ್ರಸಂಗವಾದರೂ ನಡೆದಿದೆ?

ಕ್ರೈಸ್ತರಲ್ಲದ ಅಕ್ಕತಂಗಿಯರು ಇದನ್ನು ಓದಿ ತಮ್ಮ ದೇವರಮನೆಗೂ ಹಿತ್ತಿಲ ಬಾಗಿಲಿಗೂ ಇರುವ ದೂರವನ್ನು ತಾವೇ ಅಳೆದುಕೊಳ್ಳಲಿ. ನಮ್ಮವರಿಗೆ ನಾನು ಹೇಳುವುದು ಇಷ್ಟು. ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂಬ ಸಾಮ್ಯವನ್ನು ಯೇಸುಸ್ವಾಮಿ ಹೇಳಿದ್ದು ಶಿಷ್ಯರಾಗಲು ಬಂದವರಿಗೇ. ಇವತ್ತು ರಾತ್ರಿ ಕುಟುಂಬ ಪ್ರಾರ್ಥನೆಯಾದ ಮೇಲೆ ಮನೆಲೆಕ್ಕದ ಪುಸ್ತಕ ತೆರೆಯಿರಿ. ಕೆಲಸದಾಕೆಯ ಸಂಬಳ ಕೊನೆಯ ಸಲ ಹೆಚ್ಚಿಸಿದ್ದು ಯಾವಾಗ, ಅಷ್ಟರಲ್ಲಿ ಅಕ್ಕಿಯ ಬೆಲೆ ಎಷ್ಟು ಏರಿದೆ, ನೋಡಿ. ಒಂದನೆಯ ತಾರೀಖಿಗೆ ಕೇಳದೆ ಕೊಡಿ. ಕಾಯಿಲೆಯ ದಿನಕ್ಕೆ ಸಂಬಳ ಕತ್ತರಿಸಬೇಡಿ. ಆ ಲೋಟವನ್ನು ಉಳಿದ ಲೋಟಗಳ ಜೊತೆ ಸೇರಿಸಿಬಿಡಿ. ಬರುವ ಶನಿವಾರ ಸಂಜೆ ಆಕೆ ಹೊರಡುವಾಗ, 'ನಾಳೆ ಬರಬೇಡ ತಾಯಿ, ಸಂಬಳ ಕಡಿಮೆಯಾಗುವುದಿಲ್ಲ' ಎಂದು ಹೇಳಿ ಕಳುಹಿಸಿ.