‘ವಿಂಡೋಸ್‌ಗೆ ಮಾತ್ರ’ ಅಂದ್ರೆ ಸೋಮಾರಿತನ ಅಲ್ಲ, ಲೆಕ್ಕ

1/3
“ಮ್ಯಾಕ್‌ಗೆ ಯಾಕಿಲ್ಲ? ಲಿನಕ್ಸ್‌ಗೆ ಯಾವಾಗ?” ಒಬ್ಬರೇ ಕೂತು ಆ್ಯಪ್ ಮಾಡಿದ ಡೆವಲಪರ್‌ಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಉತ್ತರ ಲೇಟಾದ್ರೆ ಒಂದೇ ಸ್ಟಾರ್. ಬಿಸಿಎ ಫ್ರೆಂಡ್ಸ್ ಇದಕ್ಕೆ ಕೋಡಿಂಗ್ ಕಾರಣ ಹೇಳ್ತಾರೆ. ನಾನು ಬಿಕಾಂ. ನನಗೆ ಕಾಣೋದು ಫಿಕ್ಸೆಡ್ ಕಾಸ್ಟ್.

ಒಂದ್ಸಲ ಕೋಡ್ ಬರೆದ್ರೆ ಮೂರೂ ಕಡೆ ಓಡುತ್ತೆ ಅನ್ನೋ ಟೂಲ್‌ಗಳಿವೆ, ನಿಜ. ಆದ್ರೆ ಓಡೋದು ಬೇರೆ, ಸಪೋರ್ಟ್ ಮಾಡೋದು ಬೇರೆ.

2/3
ಮ್ಯಾಕ್: ಆ್ಯಪಲ್ ಡೆವಲಪರ್ ಸದಸ್ಯತ್ವ ವರ್ಷಕ್ಕೆ 99 ಡಾಲರ್. ಆ್ಯಪ್ ಸ್ಟೋರ್ ಬೇಡ, ನನ್ನ ಸೈಟಲ್ಲೇ ಕೊಡ್ತೀನಿ ಅಂದ್ರೂ ಆ ಖರ್ಚು ಹೋಗಲ್ಲ. ಆ್ಯಪಲ್ ಹತ್ರ ‘ನೋಟರೈಸ್’ ಮಾಡಿಸದ ಆ್ಯಪ್ ಓಪನ್ ಮಾಡೋಕೆ ಹೋದ್ರೆ ಮ್ಯಾಕ್ ತಡೆದು ಎಚ್ಚರಿಸುತ್ತೆ. ಟೆಸ್ಟ್ ಮಾಡೋಕೆ ಒಂದು ಮ್ಯಾಕ್ ಬೇರೆ ಬೇಕು. ಅಷ್ಟಕ್ಕೇ ಮುಗಿಯಲ್ಲ. 2019ರಲ್ಲಿ ಕ್ಯಾಟಲಿನಾ ಬಂತು, ಹಳೇ 32 ಬಿಟ್ ಆ್ಯಪ್‌ಗಳು ಓಡೋದೇ ನಿಂತ್ವು. 2020ರಲ್ಲಿ ಎಂ1 ಚಿಪ್ ಬಂತು, ಮತ್ತೆ ಕೆಲಸ.

ವಿಂಡೋಸ್: ಸೈನ್ ಮಾಡದ ಆ್ಯಪ್ ಡೌನ್‌ಲೋಡ್ ಮಾಡಿ ತೆರೆದ್ರೆ ನೀಲಿ ಬಣ್ಣದ ಸ್ಮಾರ್ಟ್‌ಸ್ಕ್ರೀನ್ ಎಚ್ಚರಿಕೆ ಬರುತ್ತೆ. ಅದನ್ನ ನೋಡಿದವರು ವೈರಸ್ ಅಂದ್ಕೊಂಡು ಡಿಲೀಟ್ ಮಾಡ್ತಾರೆ. ಸೈನ್ ಮಾಡೋಕೆ ಸರ್ಟಿಫಿಕೇಟ್ ಕೊಳ್ಳಬೇಕು.

ಲಿನಕ್ಸ್: ಫೀಸ್ ಇಲ್ಲ. ಆದ್ರೆ ಯಾವ ಲಿನಕ್ಸ್? ಡೆಬ್, ಆರ್‌ಪಿಎಂ, ಫ್ಲ್ಯಾಟ್‌ಪ್ಯಾಕ್, ಸ್ನ್ಯಾಪ್, ಆ್ಯಪ್‌ಇಮೇಜ್... ಪ್ಯಾಕೇಜ್ ಮಾಡೋದೇ ಒಂದು ಕೆಲಸ. ಉಬುಂಟುನಲ್ಲಿ ಸರಿ ಇದ್ದದ್ದು ಫೆಡೋರಾದಲ್ಲಿ ಕೈ ಕೊಡಬಹುದು.

ಈಗ ಬ್ರೇಕ್ ಈವನ್ ಹಾಕಿ. ಆ್ಯಪ್ ಬೆಲೆ 5 ಡಾಲರ್ ಅಂದ್ಕೊಳ್ಳಿ. ಆ 99 ಡಾಲರ್ ಹುಟ್ಟೋಕೇ 20 ಮ್ಯಾಕ್ ಕಾಪಿ ಮಾರ್ಬೇಕು, ಅದೂ ಪ್ರತಿ ವರ್ಷ. ಮ್ಯಾಕ್ ಕೊಂಡ ದುಡ್ಡು, ರಾತ್ರಿ ಬಗ್ ಹುಡುಕಿದ ಟೈಮು ಇದರಲ್ಲಿ ಸೇರಿಲ್ಲ. ಇಬ್ಬರು ಬಳಸಿದ್ರೂ ಅಷ್ಟೇ ಖರ್ಚು, ಎರಡು ಸಾವಿರ ಜನ ಬಳಸಿದ್ರೂ ಅಷ್ಟೇ. ಫಿಕ್ಸೆಡ್ ಕಾಸ್ಟ್ ಅಂದ್ರೆ ಇದೇ ಅಲ್ವಾ?

3/3
ದೊಡ್ಡವರೂ ಆಯ್ಕೆ ಮಾಡ್ತಾರೆ. ನಾವು ಕಲಿಯೋ ಟ್ಯಾಲಿಪ್ರೈಮ್ ನಮ್ಮ ಬೆಂಗಳೂರಿನ ಕಂಪನಿಯದ್ದು, ಡೆಸ್ಕ್‌ಟಾಪ್‌ನಲ್ಲಿ ಅದು ವಿಂಡೋಸ್ ಸಾಫ್ಟ್‌ವೇರ್. ಸ್ಟಾರ್‌ಡ್ಯೂ ವ್ಯಾಲಿ ಗೇಮ್ ಮಾಡಿದ ಎರಿಕ್ ಬರೋನ್ ಒಬ್ಬರೇ. 2016ರ ಫೆಬ್ರವರಿಯಲ್ಲಿ ವಿಂಡೋಸ್‌ಗೆ ಬಿಟ್ರು, ಗೇಮ್ ಹಿಟ್ ಆಯ್ತು. ಆದ್ರೂ ಮ್ಯಾಕ್, ಲಿನಕ್ಸ್‌ನವರು ಜುಲೈವರೆಗೆ ಕಾಯ್ಬೇಕಾಯ್ತು.

ಹಾಗಂತ ಲಿನಕ್ಸ್ ಬಳಸೋರು ಬಾಯಿ ಮುಚ್ಕೊಂಡಿರಿ ಅಂತ ಹೇಳ್ತಿಲ್ಲ. ವಿಂಡೋಸ್ ಲೈಸೆನ್ಸ್‌ಗೆ ದುಡ್ಡಿಲ್ಲದೆ ಹಳೇ ಲ್ಯಾಪ್‌ಟಾಪ್‌ಗೆ ಉಬುಂಟು ಹಾಕ್ಕೊಂಡವರೂ ನಮ್ಮಲ್ಲೇ ಇದ್ದಾರೆ. ಅವರಿಗೂ ಆ್ಯಪ್ ಬೇಕು. ಅದಕ್ಕೆ ನನ್ನ ಪ್ರಕಾರ ಡೆವಲಪರ್ ಎರಡು ಮಾತು ಉಳಿಸಿಕೊಂಡ್ರೆ ಸಾಕು. ಒಂದು, ಎಲ್ಲಿ ಟೆಸ್ಟ್ ಮಾಡಿದ್ದೀನಿ, ಎಲ್ಲಿ ಇಲ್ಲ ಅಂತ ಮೊದಲೇ ಹೇಳೋದು. ಎರಡು, ಫೈಲ್‌ಗಳನ್ನ ಬೇರೆ ಕಡೆನೂ ತೆರೆಯೋ ಫಾರ್ಮ್ಯಾಟ್‌ನಲ್ಲಿ ಕೊಡೋದು. ಆ್ಯಪ್ ನಮ್ಮಲ್ಲಿ ಓಡದಿದ್ರೂ ನಮ್ಮ ಡೇಟಾ ನಮ್ಮದಾಗಿರುತ್ತೆ.

ಅರ್ಧಂಬರ್ಧ ಮೂರು ಕಡೆ ಕೊಟ್ಟು, ಆರು ತಿಂಗಳಿಗೆ ಸುಸ್ತಾಗಿ ಆ್ಯಪ್ಪನ್ನೇ ಕೈಬಿಡೋದಕ್ಕಿಂತ ಒಂದೇ ಕಡೆ ಚೆನ್ನಾಗಿ ನಡೆಸೋದು ಮೇಲು. ನಮ್ಮ ಕಡೆಯಿಂದ? ಒಂದು ಸ್ಟಾರ್ ಒತ್ತೋ ಮುಂಚೆ “ಲಿನಕ್ಸ್‌ಗೆ ತಂದ್ರೆ ನಾನು ದುಡ್ಡು ಕೊಟ್ಟು ತಗೋತೀನಿ, ಟೆಸ್ಟ್ ಮಾಡ್ಕೊಡ್ತೀನಿ” ಅಂತ ಬರೀರಿ. ಡೆವಲಪರ್ ಲೆಕ್ಕ ಬದಲಾಗೋದು ಅಂಥ ಮೆಸೇಜಿನಿಂದ.

ನಿಮ್ಮ ಲ್ಯಾಪ್‌ಟಾಪಲ್ಲಿ ಯಾವ ಓಎಸ್? ಯಾವ ಆ್ಯಪ್ ಸಿಗ್ತಿಲ್ಲ? ಕಾಮೆಂಟಲ್ಲಿ ಹಾಕಿ.

#ಬಿಕಾಂಕಣ್ಣಲ್ಲಿ #ಕನ್ನಡಟೆಕ್