ಆಯ್ಕೆ ಓದುಗನದು, ಒಡೆತನ ಯಾರದು?

ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯ 1969ರಲ್ಲಿ ಕೊಂಡ ಪುಸ್ತಕಗಳಲ್ಲಿ ಸುಮಾರು ಶೇ. 40ರಷ್ಟನ್ನು ಮುಂದಿನ ಆರು ವರ್ಷಗಳಲ್ಲಿ ಯಾರೂ ಎರವಲು ಪಡೆದಿರಲಿಲ್ಲವೆಂದು 1979ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತ್ತು. ಇಂಥ ವ್ಯರ್ಥ ವೆಚ್ಚಕ್ಕೆ ಪರಿಹಾರವೆನಿಸಿದ್ದು ಓದುಗರ ಬೇಡಿಕೆ ಆಧರಿಸಿದ ಇ-ಪುಸ್ತಕ ಖರೀದಿ. ಸಾವಿರಾರು ಶೀರ್ಷಿಕೆಗಳು ಕ್ಯಾಟಲಾಗಿನಲ್ಲಿರುತ್ತವೆ. ಓದುಗನು ನಿಗದಿತ ಮಿತಿ ಮೀರಿ ಬಳಸಿದರೆ ಮಾತ್ರ ಗ್ರಂಥಾಲಯ ಹಣ ತೆರುತ್ತದೆ. ಮೊದಲು ಕೆಲ ದಿನಗಳ ಬಾಡಿಗೆ, ಬೇಡಿಕೆ ಮುಂದುವರಿದರೆ ಖರೀದಿ.

ಆದರೆ ದರ ನಿರ್ಧಾರ ಮಾರಾಟಗಾರರ ಕೈಯಲ್ಲೇ ಉಳಿಯಿತು. 2014ರಲ್ಲಿ ಹಲವು ಪ್ರಕಾಶಕರು ಬಾಡಿಗೆ ಏರಿಸಿದರು. 2025ರ ಫೆಬ್ರವರಿಯಲ್ಲಿ ಕ್ಲಾರಿವೇಟ್ ಸಂಸ್ಥೆಯು ಇ-ಪುಸ್ತಕಗಳ ಶಾಶ್ವತ ಮಾರಾಟ ನಿಲ್ಲಿಸಿ ಚಂದಾ ಪದ್ಧತಿಗೆ ತಿರುಗುವುದಾಗಿ ಘೋಷಿಸಿತು. ಗ್ರಂಥಪಾಲಕರ ವಿರೋಧದ ಬಳಿಕ ಗಡುವನ್ನು 2026ರ ಜೂನ್‌ವರೆಗೆ ವಿಸ್ತರಿಸಿತು. ಚಂದಾ ನಿಂತರೆ ಪುಸ್ತಕವೂ ಇಲ್ಲ. ಹೀಗಿರುವಾಗ ನಾಳಿನ ಸಂಶೋಧಕನಿಗೆ ಗ್ರಂಥಾಲಯದಲ್ಲಿ ಉಳಿಯುವುದೇನು ಎಂಬುದೇ ಪ್ರಶ್ನೆ.